ಅಮೈನ್ ಸೇರಿಸಲು ಇನ್ನೂ ಬಲವಾದ ಆಮ್ಲ ಬೇಕೇ?

ಪ್ರಶ್ನೆ: ಸಿಲಿಕಾದ ಮೇಲೆ ಫಾಸ್ಫೊಟಂಗ್‌ಸ್ಟಿಕ್ ಆಮ್ಲ ಕೂರಿಸಿ, ಅದನ್ನು ವೇಗವರ್ಧಕವಾಗಿಟ್ಟುಕೊಂಡು ಸ್ಟೈರೀನ್‌ಗೆ ಅನಿಲೀನ್ ಸೇರಿಸಿದೆ; ಕ್ರಿಯೆ ನಡೆಯಿತು. ಅನಿಲೀನ್ ಬದಲು ಬ್ಯುಟೈಲಮೈನ್ ಹಾಕಿದರೆ ಏನೂ ಆಗುತ್ತಿಲ್ಲ. ಇನ್ನೂ ಬಲವಾದ ಆಮ್ಲ ಬೇಕೇ? ಅದೇ ಪುಡಿಯನ್ನು ಎರಡನೇ ಸಲ ಬಳಸಿದಾಗ ಇಳುವರಿ ಅರ್ಧಕ್ಕಿಳಿದದ್ದು ಯಾಕೆ?
– ಒಬ್ಬ ಸಂಶೋಧನಾ ವಿದ್ಯಾರ್ಥಿ

ಉತ್ತರ: ಬೇಡ, ಬಲ ಹೆಚ್ಚಿಸಿದರೆ ತೊಂದರೆಯೂ ಹೆಚ್ಚುತ್ತದೆ. ಆಮ್ಲದ ಪ್ರೋಟಾನ್ ಓಲೆಫಿನ್‌ಗೆ (ಇಂಗಾಲದ ಜೋಡಿಬಂಧವಿರುವ ಅಣು, ಇಲ್ಲಿ ಸ್ಟೈರೀನ್) ಸಿಕ್ಕಬೇಕು; ಆಗ ಹುಟ್ಟುವ ಕಾರ್ಬೊಕ್ಯಾಟಯಾನ್‌ಗೆ, ಅಂದರೆ ಧನ ಆವೇಶದ ಇಂಗಾಲಕ್ಕೆ, ಅಮೈನ್ (ಅನಿಲೀನ್ ಅಥವಾ ಬ್ಯುಟೈಲಮೈನ್) ಬಂದು ಅಂಟಿಕೊಳ್ಳುತ್ತದೆ. ಆದರೆ ಪಾತ್ರೆಯಲ್ಲಿರುವ ಪ್ರಬಲ ಪ್ರತ್ಯಾಮ್ಲ ಆ ಅಮೈನೇ! ಓಲೆಫಿನ್ ಹತ್ತಿರ ಬರುವ ಮೊದಲೇ ಅದು ಪ್ರೋಟಾನನ್ನು ಕಸಿದುಕೊಂಡು ಅಮೋನಿಯಂ ಆಗಿ ಕೂತಿರುತ್ತದೆ. ಈ ಹಿಡಿತದ ಅಳತೆ ಪಿಕೆಎ; ಅದು ಒಂದು ಅಂಕ ಏರಿದರೆ ಹಿಡಿತ ಹತ್ತು ಪಟ್ಟು ಬಿಗಿ. ನೀರಿನಲ್ಲಿ ಅನಿಲೀನಿಯಂನ (ಪ್ರೋಟಾನ್ ಹಿಡಿದ ಅನಿಲೀನ್) ಪಿಕೆಎ ಸುಮಾರು 4.6, ಬ್ಯುಟೈಲಮೋನಿಯಂನದು 10.6. ಅಂದರೆ ಹಿಡಿತದಲ್ಲಿ ಹತ್ತು ಲಕ್ಷ ಪಟ್ಟು ಅಂತರ. ಅನಿಲೀನ್ ಪ್ರೋಟಾನನ್ನು ಬಿಟ್ಟುಕೊಡುತ್ತದೆ, ಬ್ಯುಟೈಲಮೈನ್ ಬಿಡುವುದಿಲ್ಲ.

ಬಿಡಿಸಲು ಇರುವ ದಾರಿ ಬಿಸಿ. ಆದರೆ ಈ ಕ್ರಿಯೆ ಶಾಖ ಹೊರಹಾಕುವಂಥದ್ದು, ಎರಡು ಅಣು ಸೇರಿ ಒಂದಾಗುವಂಥದ್ದು. ಬಿಸಿ ಮಾಡಿದಷ್ಟೂ ಸಮತೋಲನ ಹಿಂದಕ್ಕೆ ಜಾರುತ್ತದೆ. ಐಸೊಬ್ಯುಟೀನ್‌ಗೆ ಅಮೋನಿಯಾ ಸೇರಿಸಿ ಟೆರ್ಟ್-ಬ್ಯುಟೈಲಮೈನ್ ತಯಾರಿಸುವ ಕಾರ್ಖಾನೆಗಳು ಇದಕ್ಕೇ ಜಿಯೊಲೈಟ್ (ಸಣ್ಣ ರಂಧ್ರಗಳ ಘನ ಆಮ್ಲ) ಬಳಸಿ, 200 ಡಿಗ್ರಿ ಸೆಲ್ಸಿಯಸ್ ದಾಟಿದ ತಾಪಕ್ಕೆ ಭಾರೀ ಒತ್ತಡವನ್ನೂ ಜೋಡಿಸುತ್ತವೆ. ನಿಮ್ಮ ಜೋಡಿಗೆ ಅದೂ ಒಗ್ಗದು: ಅಷ್ಟು ಬಿಸಿಯಲ್ಲಿ ಸ್ಟೈರೀನ್ ತಾನಾಗಿಯೇ ಪಾಲಿಮರ್ ಆಗಿ ಗಟ್ಟಿಯಾಗುತ್ತದೆ. ನನ್ನ ಕೇಳಿದರೆ, ಬ್ಯುಟೈಲಮೈನ್ ಕೈಬಿಟ್ಟು ಅನಿಲೀನ್‌ಗಳಲ್ಲೇ ಮುಂದುವರಿಯಿರಿ.

ಅಲ್ಲೂ ಒಂದು ಅನುಮಾನ ಪರಿಹರಿಸಿಕೊಳ್ಳಿ. ಸ್ಟೈರೀನ್ ಅನಿಲೀನ್‌ನ ಸಾರಜನಕಕ್ಕೇ ಅಂಟಿತೇ, ಬೆಂಜೀನ್ ಉಂಗುರಕ್ಕೆ ಅಂಟಿತೇ? ಆಮ್ಲದಲ್ಲಿ ಎರಡೂ ನಡೆಯುತ್ತವೆ. ಸಾರಜನಕಕ್ಕೆ ಅಂಟಿದ್ದರೆ ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಅಣುವಿನ ಹೈಡ್ರೊಜನ್‌ಗಳ ಪರಿಸರ ತೋರಿಸುವ ಪರೀಕ್ಷೆ) 4.5 ಪಿಪಿಎಂ ಬಳಿ ನಾಲ್ಕು ಗೆರೆಯ ಗುಂಪು ಕಾಣಬೇಕು.

ಆಧಾರ ವಸ್ತುವಾಗಿ ಸಿಲಿಕಾ ಸರಿಯಾದ ಆಯ್ಕೆ. ಅಲ್ಯುಮಿನಾದ ಪ್ರತ್ಯಾಮ್ಲೀಯ ತಾಣಗಳು ಈ ಆಮ್ಲದ ಕೆಗ್ಗಿನ್ ಚೌಕಟ್ಟನ್ನೇ (ಟಂಗ್‌ಸ್ಟನ್, ರಂಜಕ, ಆಮ್ಲಜನಕ ಸೇರಿದ ಅದರ ಪಂಜರದಂಥ ರಚನೆ) ಮುರಿಯಬಲ್ಲವು. ರಂಧ್ರದ ಅಳತೆ ಮಾತ್ರ ನೋಡಿಕೊಳ್ಳಿ: ಕೆಗ್ಗಿನ್ ಅಯಾನು ಸುಮಾರು 1 ನ್ಯಾನೊಮೀಟರ್ ಅಗಲ, ಜ಼ೆಡ್‌ಎಸ್‌ಎಂ-5 ಎಂಬ ಜಿಯೊಲೈಟ್‌ನ ರಂಧ್ರ ಸುಮಾರು 0.55. ಅದರೊಳಗೆ ಇದು ತೂರುವುದೇ ಇಲ್ಲ.

ಇನ್ನು ಎರಡನೇ ಸಲದ ಇಳಿಕೆ. ಸಿಲಿಕಾದ ಮೇಲೆ ಈ ಆಮ್ಲದ ಹಿಡಿತ ಸಡಿಲ, ಧ್ರುವೀಯ ದ್ರಾವಕ ಅದನ್ನು ತೊಳೆದುಬಿಡುತ್ತದೆ. ಕ್ರಿಯೆ ಅರ್ಧ ನಡೆದಾಗ ಬಿಸಿಯಿದ್ದಂತೆಯೇ ಪುಡಿಯನ್ನು ಸೋಸಿ ತೆಗೆದು, ದ್ರವವನ್ನಷ್ಟೇ ಅದೇ ತಾಪದಲ್ಲಿ ಇಡಿ. ಇಳುವರಿ ಮತ್ತೂ ಏರಿದರೆ ಆಮ್ಲ ದ್ರವಕ್ಕೆ ಸೋರಿದೆ ಎಂದರ್ಥ. ತಣ್ಣಗಾದ ಮೇಲೆ ಸೋಸಿದರೆ ಕರಗಿದ್ದು ಮರಳಿ ಪುಡಿಯ ಮೇಲೆ ಕೂತು ನಿಮ್ಮನ್ನು ಏಮಾರಿಸಬಹುದು. ಸೋರಿಲ್ಲ, ಆದರೆ ಬಿಳಿ ಪುಡಿ ಕಂದು ಬಣ್ಣಕ್ಕೆ ತಿರುಗಿದೆ ಎಂದಾದರೆ ಅಮೈನ್ ಅಥವಾ ಪಾಲಿಮರ್ ರಂಧ್ರ ಕಟ್ಟಿರಬಹುದು. ಜಿಯೊಲೈಟ್‌ಗೆ ಮಾಡುವಂತೆ 550 ಡಿಗ್ರಿಯಲ್ಲಿ ಸುಟ್ಟು ಶುದ್ಧ ಮಾಡಲು ಹೋಗಬೇಡಿ. ಕೊಳೆಯ ಜೊತೆ ಕೆಗ್ಗಿನ್ ಚೌಕಟ್ಟೂ ಹೋಗುತ್ತದೆ.