ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೂ ಸಾಲಿಲ್ಲದ ಡೇಟಾ ಫ್ರೇಮ್ (ಅಂದರೆ ಟೇಬಲ್) ಮಾಡುವುದು ಹೇಗೆ?

ಕಾಲಂಗಳ ಹೆಸರು ಗೊತ್ತಿದೆ, ಡೇಟಾ ಇನ್ನೂ ಬಂದಿಲ್ಲ, ಅಲ್ವಾ? ಡೇಟಾ-ಡಾಟ್-ಫ್ರೇಮ್ ಫಂಕ್ಷನ್‌ಗೆ ಪ್ರತಿ ಕಾಲಂಗೂ ಉದ್ದ 0 ಇರುವ ವೆಕ್ಟರ್ (ಒಂದೇ ಟೈಪಿನ ಮೌಲ್ಯಗಳ ಸರಣಿ) ಕೊಡಿ: ಹೆಸರಿಗೆ ಕ್ಯಾರೆಕ್ಟರ್(0), ವಯಸ್ಸಿಗೆ ಇಂಟಿಜರ್(0), ತೂಕಕ್ಕೆ ನ್ಯೂಮೆರಿಕ್(0). ಸಾಲು 0, ಕಾಲಂ 3, ಟೈಪ್ ಕೂಡ ಸರಿಯಾಗಿರುತ್ತದೆ. ಸುಮ್ನೆ 0 ಸಾಲಿನ ಖಾಲಿ ಮ್ಯಾಟ್ರಿಕ್ಸ್ ಮಾಡಿ ಅದನ್ನು ಡೇಟಾ ಫ್ರೇಮ್ ಆಗಿ ಬದಲಾಯಿಸಿದರೆ ಎಲ್ಲ ಕಾಲಂಗಳೂ ಲಾಜಿಕಲ್ (ಟ್ರೂ/ಫಾಲ್ಸ್ ಟೈಪ್) ಆಗಿಬಿಡುತ್ತವೆ. ಆರ್ 4.0.0ಗಿಂತ ಹಳೆಯದಾದರೆ ಸ್ಟ್ರಿಂಗ್ಸ್‌ಆ್ಯಸ್‌ಫ್ಯಾಕ್ಟರ್ಸ್ ಅನ್ನು ಫಾಲ್ಸ್ ಮಾಡಿ, ಇಲ್ಲದಿದ್ದರೆ ಹೆಸರಿನ ಕಾಲಂ ಫ್ಯಾಕ್ಟರ್ (ವರ್ಗಗಳ ಟೈಪ್) ಆಗುತ್ತದೆ.

ಅಂಥದ್ದೇ ಟೇಬಲ್ ಈಗಾಗಲೇ ಇದ್ದರೆ ಇನ್ನೂ ಸುಲಭ. ಅದರ ಹೆಸರಿನ ಪಕ್ಕ [0, ] ಹಾಕಿದರೆ ಸಾಕು.

ಆದರೆ ಲೂಪ್‌ನಲ್ಲಿ ಒಂದೊಂದೇ ಸಾಲು ಸೇರಿಸಲು ಇದು ಬೇಕು ಅನ್ನುವುದಾದರೆ, ನಾನು ಬೇಡ ಅನ್ನುತ್ತೇನೆ. ಸಾಲುಗಳನ್ನು ಜೋಡಿಸುವ ಆರ್‌ಬೈಂಡ್ ಫಂಕ್ಷನ್ ಪ್ರತಿ ಸಲ ಇಡೀ ಟೇಬಲ್ಲನ್ನೇ ನಕಲು ಮಾಡುತ್ತದೆ. ಸಾಲು ಜಾಸ್ತಿಯಾದಷ್ಟೂ ನಿಧಾನ. ಸಾಲುಗಳನ್ನು ಲಿಸ್ಟ್‌ನಲ್ಲಿ ಕೂಡಿಹಾಕಿ, ಕೊನೆಗೆ ಡೂ-ಡಾಟ್-ಕಾಲ್ ಮೂಲಕ ಒಂದೇ ಸಲ ಆರ್‌ಬೈಂಡ್ ಮಾಡಿ.