ಹುದ್ದೆ ಇಲ್ಲದೆಯೂ ಆಪರೇಷನ್ ಥಿಯೇಟರಿನಲ್ಲಿ ಮಾತು ನಡೆಯುತ್ತದೆ

ನೀವು ಕಿರಿಯ ನರ್ಸ್, ಶಸ್ತ್ರಚಿಕಿತ್ಸೆಗೆ ಮುನ್ನ ಸುರಕ್ಷತಾ ಪಟ್ಟಿ ಓದಿದರೆ ಸರ್ಜನ್ ಕಿವಿಗೊಡುವುದಿಲ್ಲ ಎಂದಿದ್ದೀರಿ. ಬಡ್ತಿಗಾಗಿ ಕಾಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಆ ಪಟ್ಟಿಯನ್ನು ನಡೆಸಿಕೊಡುವ ಹೊಣೆ ಹೆಚ್ಚಾಗಿ ನರ್ಸ್‌ಗೇ ಸೇರಿದ್ದು.

ಮೊದಲು ಅರಿವಳಿಕೆ ತಜ್ಞರನ್ನು ಒಬ್ಬರೇ ಇದ್ದಾಗ ಮಾತನಾಡಿಸಿ. ಅವರು ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ಪಟ್ಟಿಯನ್ನು ಒಂದೇ ಉಸಿರಿಗೆ ಓದಿಬಿಡದೆ, ಸರ್ಜನ್‌ಗೆ ತಟ್ಟುವ ಪ್ರಶ್ನೆಯಿಂದ ಆರಂಭಿಸಿ: "ಸರ್, ಆ್ಯಂಟಿಬಯಾಟಿಕ್ ಕಳೆದ 60 ನಿಮಿಷದೊಳಗೆ ಕೊಟ್ಟಾಗಿದೆಯೇ?" ಗಾಯಕ್ಕೆ ಸೋಂಕು ತಗುಲಿದರೆ ರೋಗಿಯ ಮನೆಯವರಿಗೆ ಉತ್ತರ ಹೇಳಬೇಕಾದವರು ಸರ್ಜನ್ ಅವರೇ, ಹಾಗಾಗಿ ಇದನ್ನು ತಳ್ಳಿಹಾಕುವುದು ಕಷ್ಟ. ಉಳಿದವನ್ನು ಅದರ ಬೆನ್ನಿಗೇ ಕೇಳಿ. ಸಣ್ಣಪುಟ್ಟ ಲೋಪಗಳನ್ನು ಆಮೇಲೆ ಖಾಸಗಿಯಾಗಿ ಹೇಳಿದರಾಯಿತು. ಶಸ್ತ್ರಚಿಕಿತ್ಸೆ ಆಗಬೇಕಾದ ಬದಿಯೇ, ಎಡ-ಬಲವೇ, ತಪ್ಪುತ್ತಿದೆ ಎನಿಸಿದರೆ ಮಾತ್ರ ಯಾರ ಮುಖವನ್ನೂ ನೋಡದೆ "ನಿಲ್ಲಿಸಿ" ಎನ್ನಿ.