ಕರಿಮದ್ದಿನ ರಿವಾಲ್ವರ್ ಬೆಳಗಾವಿಗೆ ತರಬಹುದಾ ಅಂತ ಕೇಳಿದ್ದಕ್ಕೆ

ಇಟಲಿಯಲ್ಲಿರೋ ನಿಮ್ಮ ಅಣ್ಣನ ಹತ್ತಿರ ರೆಮಿಂಗ್ಟನ್ 1858 ಅನ್ನೋ ಹಳೇ ಅಮೆರಿಕನ್ ರಿವಾಲ್ವರ್‌ನ ನಕಲು ಇದೆ, ಅದನ್ನ ಟಾರ್ಗೆಟ್‌ಗೆ ತಕ್ಕಂತೆ ಸರಿಮಾಡಿಸಿ ಬೆಳಗಾವಿಗೆ ತರಬಹುದಾ ಅಂತ ಕೇಳಿದ್ದೀರಿ. ತರೋ ವಿಚಾರ ಬಿಟ್ಟುಬಿಡಿ ರೀ. ಹಳೇ ಮಾದರಿ, ಮದ್ದು ತುಂಬಿ ಹೊಡೆಯೋದು, ಲೈಸೆನ್ಸ್ ಯಾಕೆ ಅಂತ ಸುಮ್ನೆ ಹೇಳೋರು ಇರ್ತಾರೆ. ಆದರೆ ಗುಂಡು ಹಾರುತ್ತೆ ಅಂದಮೇಲೆ 1959ರ ಆಯುಧ ಕಾಯ್ದೆ ಅದಕ್ಕೂ ಅನ್ವಯಿಸುತ್ತೆ.

ಅಣ್ಣನ ಆಯ್ಕೆ ಮಾತ್ರ ಚೆನ್ನಾಗಿದೆ. ಅದೇ ಕಾಲದ ಇನ್ನೊಂದು ರಿವಾಲ್ವರ್ ಕೋಲ್ಟ್ 1851ರಲ್ಲಿ ಹಿಂದಿನ ಸೈಟ್ (ಗುರಿ ನೋಡೋ ಗುರುತು) ಅಂದ್ರೆ ಹ್ಯಾಮರ್ (ಹಿಂದಕ್ಕೆಳೆಯೋ ಕುದುರೆ) ತಲೆ ಮೇಲಿನ ಸಣ್ಣ ಕಚ್ಚು, ಹ್ಯಾಮರ್ ಎಳೆದಾಗಷ್ಟೇ ಕಾಣುತ್ತೆ. ರೆಮಿಂಗ್ಟನ್‌ನಲ್ಲಿ ಸಿಲಿಂಡರ್ (ಮದ್ದು-ಗುಂಡು ತುಂಬೋ ತಿರುಗುವ ಉರುಳೆ) ಮೇಲೆ ಗಟ್ಟಿ ಪಟ್ಟಿ ಇದೆ, ಗುರಿ ಹಿಡಿಯೋ ತೋಡು ಅದರಲ್ಲೇ ಕೊರೆದಿರುತ್ತೆ, ಅಲುಗಾಡಲ್ಲ. ತೊಂದರೆ ಏನಂದ್ರೆ ಈ ನಕಲುಗಳಲ್ಲಿ ಮುಂದಿನ ಸೈಟ್ ಗಿಡ್ಡ, ಏಟು ಮೇಲಕ್ಕೆ ಬೀಳುತ್ತೆ. ಅದಕ್ಕೇ ಅಲ್ಲಿನ ಬಲ್ಲವರು ಎತ್ತರದ್ದು ಕೂಡಿಸಿ, ಹೊಡೆದು ನೋಡ್ತಾ ನೋಡ್ತಾ ಅರದಿಂದ ಚೂರುಚೂರೇ ಉಜ್ಜಿ ಸರಿಮಾಡ್ತಾರೆ. ಜಾಸ್ತಿ ಉಜ್ಜಿದ್ರೆ ಮುಗೀತು, ಮತ್ತೆ ಹೊಸದು! ಅಂತಾರಾಷ್ಟ್ರೀಯ ಸ್ಪರ್ಧೆಗೆ ಹೋಗೋದಿದ್ರೆ ನಕಲು ಮೂಲದ ರೂಪಕ್ಕೆ ಹೊಂದಿರಬೇಕು, ಸಿಕ್ಕಿದ್ದೆಲ್ಲ ಬದಲಾಯಿಸೋ ಹಾಗಿಲ್ಲ. ಅಲ್ಲಿ 30 ನಿಮಿಷದಲ್ಲಿ 13 ಏಟು, ಒಳ್ಳೇ 10 ಲೆಕ್ಕಕ್ಕೆ.

ನಾನು ಇಟಲಿಯಲ್ಲಿ ಕೆಲಸಕ್ಕಿದ್ದಾಗ ಇಂಥದ್ದನ್ನ ಒಮ್ಮೆ ಹೊಡೆದಿದ್ದೆ. ಎರಡು ಸುತ್ತು ಹೊಡೆಯೋದರೊಳಗೇ ಮಸಿ ಕೂತು ಸಿಲಿಂಡರ್ ತಿರುಗಲೇ ಇಲ್ಲ, ಕೈಯೆಲ್ಲ ಕೊಳೆತ ಮೊಟ್ಟೆ ವಾಸನೆ. ಮನೆಗೆ ಬಂದು ಬಿಸಿ ಸೋಪಿನ ನೀರಲ್ಲಿ ಪಾತ್ರೆ ತೊಳೆದಂಗೆ ತೊಳೆದೆ.

ನಿಮಗೆ ಹೊಡೆಯೋ ಆಸೆ ಇದ್ರೆ ಯಾವುದಾದರೂ ಕ್ಲಬ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಿಂದ ಶುರುಮಾಡಿ. ರಿವಾಲ್ವರ್ ಅಣ್ಣನ ಹತ್ತಿರಾನೇ ಇರಲಿ, ರಜೆಗೆ ಹೋದಾಗ ಅಲ್ಲೇ ಹೊಡೆದು ಬನ್ನಿ.